ಗಂಡು ಮೀನಿನ ತತ್ತಿ

ನನ್ನ ಅಕ್ಕ ಮೂಡಿಗೆರೆಯ ಮಾರ್ಕೆಟ್ಟಿನಲ್ಲಿ ಮೀನು ಕುಯ್ದು ಮಾರುತ್ತಾಳೆ. ನಾನು ಚಿಕ್ಕಮಗಳೂರಿನ ಒಂದು ಡಿಗ್ರಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತೇನೆ. "ಇಬ್ರದ್ದೂ ಒಂದೇ ಕಸುಬು ಕಣೆ, ಮೀನಿನ ಹೊಟ್ಟೆ ಹರ್ಯೋದು. ನೀನು ಹರ್ದು ಬಾಟ್ಲಿಗೆ ಹಾಕ್ತೀಯ, ನಾನು ಹರ್ದು ಕವರಿಗೆ ಹಾಕ್ತೀನಿ" ಎಂದು ಅಕ್ಕ ಆಗಾಗ ಹೇಳುವುದುಂಟು. ಅಪ್ಪ, ಅಮ್ಮ ಬಾಳೂರಿನ ಕಡೆಯ ಒಂದು ಎಸ್ಟೇಟಿನಲ್ಲಿ ಕೆಲಸಕ್ಕಿದ್ದವರು. ಅಕ್ಕ ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟಳು, ನಾನು ಬಿಡಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಅಮ್ಮನೂ ಅಕ್ಕನೂ ಎಸ್ಟೇಟಿನ ಕೂಲಿಯವರ ಲೈನ್ ಮನೆ ಬಿಟ್ಟು ಅಲ್ಲೇ ಹಳ್ಳದ ದಂಡೆಯ ಕಾಲೋನಿಯಲ್ಲಿ ಸ್ವಂತ ಮನೆ ಮಾಡಿಕೊಂಡರು. ನಾನು ಮದುವೆಯಾಗಿ ಬಂದದ್ದು ಚಿಕ್ಕಮಗಳೂರಿನ ಹತ್ತಿರದ ವಸ್ತಾರೆಗೆ.

ಎರಡು ವರ್ಷದ ಹಿಂದೆ, ಮುಂಗಾರು ಆಗಷ್ಟೇ ಹಿಡಿದಿತ್ತು. ಕ್ಲಾಸು ಮುಗಿಸಿ ಸ್ಟಾಫ್ ರೂಮಿಗೆ ಬರುವಾಗ ಅಕ್ಕನ ಫೋನು ಬಂತು.

"ನಿಂಗೊಂದು ವಿಷ್ಯ ಕೇಳ್ಬೇಕು. ಒಂದೇ ಪಕ್ಕೆ ಮೀನಲ್ಲಿ ಹಾಲೂ ತತ್ತಿನೂ ಎರಡೂ ಇರ್ತದಾ?"

ಗಂಡು ಮೀನಿನ ಹೊಟ್ಟೆಯೊಳಗಿನ ಬಿಳಿ ವೀರ್ಯದ ಗಂಟನ್ನು ನಮ್ಮ ಕಡೆ ಹಾಲು ಅನ್ನುತ್ತಾರೆ. ಸಮುದ್ರದಲ್ಲಿ ಕೆಲವು ಜಾತಿಯ ಮೀನುಗಳು ಹುಟ್ಟುವಾಗ ಗಂಡೋ ಹೆಣ್ಣೋ ಒಂದಿದ್ದು ಆಮೇಲೆ ಇನ್ನೊಂದಾಗುವುದುಂಟು, ನಮ್ಮ ಹಳ್ಳದ ಪಕ್ಕೆ ಮೀನಿನಲ್ಲಿ ಹಾಗಿಲ್ಲ, ನೀನು ಎರಡು ಮೀನಿನ ಕರುಳು ಕಲೆಸಿಕೊಂಡಿರಬೇಕು ಎಂದು ಪಾಠ ಒಪ್ಪಿಸಿದೆ.

"ಇಪ್ಪತ್ತು ವರ್ಷದಿಂದ ಕುಯ್ತಿದೀನಿ. ಕಲೆಸ್ಕೊಳಕ್ಕೆ ನಾನೇನು ಕಣ್ಣು ಮುಚ್ಕೊಂಡು ಕುಯ್ತೀನಾ?" ಎಂದು ಫೋನಿಟ್ಟಳು.

ಆ ಭಾನುವಾರ ಬೆಳಿಗ್ಗೆ ಬಸ್ಸಿಳಿದು ಸೀದಾ ನಮ್ಮ ಮನೆಗೆ ಬಂದಳು. ಕೈಯಲ್ಲಿ ಸ್ಟೀಲಿನ ಕ್ಯಾರಿಯರ್, ಅದರೊಳಗೆ ಐಸಿನ ಚೂರಿನ ನಡುವೆ ಅಂಗೈಯಗಲದ ಆರೇಳು ಪಕ್ಕೆ ಮೀನು. ಬೆಳ್ಳಿ ಬಣ್ಣ, ಬಾಲದ ಬುಡದಲ್ಲಿ ಒಂದು ಕಪ್ಪು ಚುಕ್ಕೆ. ಚಿಕ್ಕಂದಿನಲ್ಲಿ ನಾವು ಟವೆಲ್ಲು ಹರಡಿ ಹಿಡಿಯುತ್ತಿದ್ದ ಮೀನೇ. ಅಕ್ಕ ಕುಡಿಯಲು ನೀರೂ ಕೇಳಲಿಲ್ಲ. ನನ್ನ ಅಡಿಗೆಮನೆಯ ಕಲ್ಲಿನ ಮೇಲೆ ಪೇಪರ್ ಹಾಸಿ, ತನ್ನದೇ ಚೂರಿ ತೆಗೆದು, ಒಂದು ಮೀನಿನ ಹೊಟ್ಟೆಯನ್ನು ಕತ್ತಿನಿಂದ ಕೆಳಗಿನವರೆಗೆ ಸೀಳಿ ನನ್ನ ಮುಂದೆ ಅಗಲಿಸಿ ಹಿಡಿದಳು.

"ನೋಡು."

ಬೆಳ್ಳಗಿನ ಹಾಲಿನ ಗಂಟು ಎರಡೂ ಪಕ್ಕದಲ್ಲಿ ಸರಿಯಾಗಿಯೇ ಇತ್ತು. ಅದರ ಮೈಯಲ್ಲಿ ಅಲ್ಲಲ್ಲಿ, ಗಾಯದಲ್ಲಿ ಕೀವು ಕಟ್ಟಿದ ಹಾಗೆ, ಹಳದಿ ಕಾಳುಗಳಿದ್ದವು. ರಾಗಿಗಿಂತ ಸ್ವಲ್ಪ ದಪ್ಪ. ತತ್ತಿ. ಹೆಣ್ಣು ಮೀನಿನಲ್ಲಿ ತತ್ತಿ ಒಂದಕ್ಕೊಂದು ಅಂಟಿ ಚೀಲದಂತೆ ಅಚ್ಚುಕಟ್ಟಾಗಿ ಕೂತಿರುತ್ತದೆ. ಇದು ಹಾಗಿರಲಿಲ್ಲ. ಯಾರೋ ಹಿಡಿ ತುಂಬ ಒಗೆದ ಹಾಗೆ, ಬಿಳಿಯ ಮಾಂಸದೊಳಗೆ ಹೂತುಕೊಂಡು, ಕೆಲವು ಅರ್ಧ ಕರಗಿ ಲೋಳೆಯಾಗಿದ್ದವು. ಕರುಳಿನ ಸುತ್ತಲಿನ ಕೊಬ್ಬು ತುಂಬಾ ಹೆಚ್ಚಾಗಿತ್ತು. ಮೂಗಿಗೆ ಮೀನಿನ ವಾಸನೆಯ ಜೊತೆ ಇನ್ನೇನೋ ಬಡಿಯಿತು, ಹಳೇ ಮೆಷಿನ್ನಿನ ಬುಡದಲ್ಲಿ ಬರುವಂಥದ್ದು. ಅದು ನನ್ನ ಭ್ರಮೆಯೂ ಇರಬಹುದು.

ನಾನು ಹೆಣ ಕಂಡು ಹೇಸುವವಳಲ್ಲ. ಫಾರ್ಮಲಿನ್ನಿನ ಕೈಯನ್ನು ತೊಳೆದು ಅದೇ ಕೈಯಲ್ಲಿ ಊಟ ಮಾಡಿ ವರ್ಷಗಳಾಗಿವೆ. ಆ ದಿನ ಮಾತ್ರ ಬಚ್ಚಲಿಗೆ ಹೋಗಿ ಬೆಳಗಿನ ತಿಂಡಿಯನ್ನೆಲ್ಲ ವಾಂತಿ ಮಾಡಿಕೊಂಡೆ. ಹದಿನೈದು ದಿನದ ಹಿಂದೆ ಊರಿಗೆ ಹೋದಾಗ ಅಮ್ಮ ಇದೇ ಮೀನಿನ ಸಾರು ಮಾಡಿದ್ದಳು. ನಾನು ಎರಡು ಸಲ ಹಾಕಿಸಿಕೊಂಡಿದ್ದೆ. ತತ್ತಿಯನ್ನು ಬೇರೆ ತೆಗೆದು ಹುರಿದು ನನ್ನ ತಟ್ಟೆಗೇ ಹಾಕಿದ್ದಳು. ಯಾವ ಮೀನಿನ ತತ್ತಿಯೋ.

ಅಕ್ಕ ಬಚ್ಚಲ ಬಾಗಿಲಲ್ಲಿ ನಿಂತು, "ನಾನು ವಾಂತಿ ಮಾಡಿದ್ದು ಹೋದ ವಾರ" ಎಂದಳು.

ಸೋಮವಾರ ಮೀನುಗಳನ್ನು ಕಾಲೇಜಿಗೆ ಒಯ್ದೆ. ನಮ್ಮದು ದೊಡ್ಡ ಲ್ಯಾಬ್ ಏನಲ್ಲ. ಮಾಂಸವನ್ನು ಮೇಣದಲ್ಲಿ ಕೂರಿಸಿ, ಹಾಳೆಗಿಂತ ತೆಳ್ಳಗೆ ಕೊಯ್ದು, ಬಣ್ಣ ಹಾಕಿ ನೋಡುವಷ್ಟು ಸಲಕರಣೆ ಇದೆ, ಅಷ್ಟೇ. ಒಂದು ವಾರ ಹಿಡಿಯಿತು. ಮೈಕ್ರೋಸ್ಕೋಪಿನ ಕೆಳಗೆ ಗಂಡು ಮೀನಿನ ವೀರ್ಯದ ಜೀವಕೋಶಗಳು ನೇರಳೆ ಬಣ್ಣದ ಸಣ್ಣ ಚುಕ್ಕೆಗಳಾಗಿ ಒತ್ತೊತ್ತಾಗಿ ಕಂಡವು. ಅವುಗಳ ನಡುವೆ ಗುಂಡಗೆ, ದೊಡ್ಡದಾಗಿ, ಕಣ್ಣುಗುಡ್ಡೆಯ ಹಾಗೆ ನನ್ನನ್ನೇ ನೋಡುತ್ತಾ ಮೊಟ್ಟೆಗಳು. ಅಕ್ಕ ಕಲೆಸಿಕೊಂಡಿರಲಿಲ್ಲ.

ನಮ್ಮ ವಿಭಾಗದ ಹಿರಿಯರೊಬ್ಬರಿಗೆ ತೋರಿಸಿದೆ. ಅವರು ಒಂದು ಕಣ್ಣಿಟ್ಟು ನೋಡಿ, ನಕ್ಕು, "ನಮ್ಮ ಕಾಲೇಜಿನ ಗಂಡಸರಿಗೆ ಈ ಮೀನು ತಿನ್ನಿಸ್ಬೇಕು ಮೇಡಂ, ಮೆಟರ್ನಿಟಿ ಲೀವ್ ಸಿಗ್ತದೆ" ಎಂದರು. ಪಕ್ಕದಲ್ಲಿದ್ದ ಇಬ್ಬರೂ ನಕ್ಕರು. ಮುಂದಿನ ಒಂದು ವರ್ಷ ಈ ಜೋಕನ್ನು ನಾನಾ ರೂಪದಲ್ಲಿ ಎಷ್ಟು ಬಾಯಿಂದ ಕೇಳಿದೆನೋ ಲೆಕ್ಕವಿಲ್ಲ. ಪ್ರತಿ ಸಲವೂ ಹೇಳಿದವರು ತಾವೇ ಮೊದಲು ಕಂಡುಹಿಡಿದವರಂತೆ ಮುಖ ಮಾಡುತ್ತಿದ್ದರು.

ಒಂದೆರಡು ಮೀನಿನಲ್ಲಿ ಹೀಗಾದರೆ ಅದು ಹುಟ್ಟಿನ ದೋಷವಿರಬಹುದು. ಹಳ್ಳದಲ್ಲಿ ಎಲ್ಲಿಂದ ಎಲ್ಲಿಯವರೆಗೆ ಹೀಗಾಗಿದೆ ಎಂದು ನೋಡದೆ ಬಾಯಿಬಿಡುವಂತಿರಲಿಲ್ಲ. ಮುಂದಿನ ರಜೆಯಲ್ಲಿ ಊರಿಗೆ ಹೋಗಿ, ಅಕ್ಕನೂ ನಾನೂ ಹಳ್ಳದ ಗುಂಟ ಮೇಲೆ ನಡೆದೆವು. ಕಾಲೋನಿಯಿಂದ ಅರ್ಧ ಗಂಟೆ ಹತ್ತಿದರೆ ಒಂದು ಅಬ್ಬಿ ಸಿಗುತ್ತದೆ, ಎರಡಾಳೆತ್ತರದಿಂದ ನೀರು ಬೀಳುವ ಜಾಗ. ಅದನ್ನು ಹತ್ತಿ ಕೆಳಗಿನ ಮೀನು ಮೇಲೆ ಹೋಗಲಾರದು. ಅಬ್ಬಿಯ ಮೇಲೆ ಬಲೆ ಬೀಸಿ ಹಿಡಿದ ಮೀನನ್ನು ಅಕ್ಕ ಬಂಡೆಯ ಮೇಲೆ ಕೂತು ಒಂದೊಂದಾಗಿ ಕುಯ್ದಳು. ಗಂಡು ಗಂಡಾಗಿತ್ತು, ಹೆಣ್ಣು ಹೆಣ್ಣಾಗಿತ್ತು. ಕೊಬ್ಬು ಹದವಾಗಿತ್ತು. ಅಕ್ಕ ಕೈಯನ್ನು ಮೂಸಿ ನೋಡಿಕೊಂಡು, "ಇದು ಮೀನು" ಎಂದಳು.

ಕೆಳಗೆ ಹಿಡಿದದ್ದರಲ್ಲಿ ಗಂಡೆನ್ನುವ ಹಾಗಿದ್ದವು ಹೆಚ್ಚು ಕಡಿಮೆ ಎಲ್ಲ ಕೆಟ್ಟಿದ್ದವು. ಅಂದರೆ ಅಬ್ಬಿಗೂ ಕಾಲೋನಿಗೂ ನಡುವೆ ಏನೋ ಹಳ್ಳಕ್ಕೆ ಸೇರುತ್ತಿತ್ತು. ಅಲ್ಲಿದ್ದದ್ದು ಗುಜರಿ ಶೆಡ್ಡೊಂದೇ.

ಆ ಶೆಡ್ಡು ನಮಗೆ ಹೊಸತಲ್ಲ. ಹಳೇ ಟ್ರಾನ್ಸ್‌ಫಾರ್ಮರುಗಳನ್ನು ಎಲ್ಲೆಲ್ಲಿಂದಲೋ ತಂದು ಬಿಚ್ಚಿ, ಒಳಗಿನ ತಾಮ್ರ ತೆಗೆದು ಸಾಗಿಸುವ ಕೆಲಸ. ಅದರ ಯಜಮಾನ ಊರಿಗೆ ಬೇಕಾದವನು; ಯಾರ ಮನೆಯ ಮದುವೆಗಾದರೂ ಜೀಪು ಕೊಡುತ್ತಿದ್ದ. ನಾವು ಹೋದಾಗ ಕುರ್ಚಿ ಹಾಕಿಸಿ ಟೀ ತರಿಸಿದ. ಕಾಲಿಟ್ಟ ನೆಲ ಮೆತ್ತಗೆ ಒಳಕ್ಕೆ ಹೋಯಿತು. ಮಣ್ಣು ಕರೀ ಹಲ್ವದ ಹಾಗೆ ಎಣ್ಣೆ ಕುಡಿದು ಹೊಳೆಯುತ್ತಿತ್ತು, ಅದರ ಮೇಲೆ ಕೋಳಿಗಳು ಕೆದಕುತ್ತಿದ್ದವು. ಹೊಟ್ಟೆ ಬಗೆದ ಟ್ರಾನ್ಸ್‌ಫಾರ್ಮರುಗಳು ಸಾಲಾಗಿ ಮಲಗಿದ್ದವು. ಶೆಡ್ಡಿನ ಹಿಂಬದಿಯಿಂದ ಒಂದು ಚರಂಡಿ, ಮೇಲೆ ಕಾಮನಬಿಲ್ಲಿನ ಬಣ್ಣದ ಕೆನೆ ಕಟ್ಟಿಕೊಂಡು, ಸಾವಕಾಶವಾಗಿ ಹಳ್ಳಕ್ಕೆ ಇಳಿಯುತ್ತಿತ್ತು. ಟೀಯನ್ನು ನಾನು ತುಟಿಗೆ ಮುಟ್ಟಿಸಿ ಕೆಳಗಿಟ್ಟೆ.

"ಒಳಗಿನ ಎಣ್ಣೆ ಏನು ಮಾಡ್ತೀರಿ?" ಎಂದು ಕೇಳಿದೆ.

"ಒಳ್ಳೇದಿದ್ರೆ ಡ್ರಮ್ಮಿಗೆ ಹಾಕಿ ಇಡ್ತೀವಿ ಮೇಡಂ. ಹಳೇದು, ಕೆಟ್ಟದ್ದು ಏನ್ ಮಾಡೋದು, ಚೆಲ್ತೀವಿ. ಖಾಲಿ ಡ್ರಮ್ಮನ್ನ ಹಳ್ಳದಲ್ಲೇ ತೊಳ್ದು ಕೊಡೋದು, ತೋಟದವ್ರು ನೀರು ತುಂಬಕ್ಕೆ ಒಯ್ತಾರೆ." ಅವನ ದನಿಯಲ್ಲಿ ಮುಚ್ಚುಮರೆ ಏನೂ ಇರಲಿಲ್ಲ. "ಮತ್ತೆ ಮಂಡಿನೋವಿಗೆ ಭಾರೀ ಒಳ್ಳೇದು. ಕಾಲೋನಿ ವಯಸ್ಸಾದವ್ರಿಗೆಲ್ಲ ನಾನೇ ಬಾಟ್ಲಿ ತುಂಬ್ಸಿ ಕೊಡೋದು. ನಿಮ್ಮಮ್ಮಂಗೂ ಕೊಟ್ಟಿದೀನಲ್ಲ."

ಅಕ್ಕ ನನ್ನ ಮುಖ ನೋಡಲಿಲ್ಲ. ಅಮ್ಮ ಅದನ್ನು ಹಚ್ಚುವುದು ಅವಳಿಗೆ ಗೊತ್ತಿತ್ತು.

ದಾರಿಯಲ್ಲಿ ಬರುವಾಗ ಅವಳಿಗೆ ತಿಳಿಯುವ ಹಾಗೆ ಹೇಳಲು ಪ್ರಯತ್ನಿಸಿದೆ. ಹೆಣ್ಣು ಮೀನಿನ ಮೈಯಲ್ಲಿ ತತ್ತಿ ಕಟ್ಟು ಎಂದು ಹೇಳುವ ಒಂದು ರಸ ಹರಿಯುತ್ತದೆ, ಹಾರ್ಮೋನು. ಹಳೇ ಕಾಲದ ಟ್ರಾನ್ಸ್‌ಫಾರ್ಮರುಗಳ ಎಣ್ಣೆಯಲ್ಲಿ ಕಾರ್ಖಾನೆಯಲ್ಲಿ ಮಾಡಿದ ಒಂದು ಜಾತಿಯ ರಾಸಾಯನಿಕ ಇರುತ್ತಿತ್ತು. ಬೆಂಕಿಗೂ ಬಿಸಿಲಿಗೂ ಜಗ್ಗದಿರಲಿ ಎಂದೇ ಅದನ್ನು ಮಾಡಿದ್ದು. ಹಾಗಾಗಿ ಅದು ಮಣ್ಣಿನಲ್ಲೂ ಕೊಳೆಯುವುದಿಲ್ಲ. ನೀರಿನಲ್ಲಿ ಕರಗದೆ ಕೆಸರಿಗೆ ಅಂಟುತ್ತದೆ, ಕೆಸರಿನ ಹುಳು ತಿಂದ ಮೀನಿನ ಕೊಬ್ಬಿಗೆ ಸೇರುತ್ತದೆ, ಅಲ್ಲೇ ಕೂರುತ್ತದೆ. ಆ ಜಾತಿಯ ರಾಸಾಯನಿಕಗಳಲ್ಲಿ ಕೆಲವು ಆ ಹಾರ್ಮೋನಿನ ವೇಷ ಹಾಕುತ್ತವೆ. ಗಂಡು ಮೀನಿನ ಮೈ ನಂಬಿ ತತ್ತಿ ಕಟ್ಟಲು ಶುರು ಮಾಡುತ್ತದೆ.

"ಆ ಮೀನು ತಿಂದ ನಾವು?" ಎಂದಳು ಅಕ್ಕ.

"ನಮ್ಮ ಕೊಬ್ಬಲ್ಲೂ ಕೂರ್ತದೆ. ನಮಗೆ ಏನು ಮಾಡ್ತದೆ, ಹೀಗೇ ಅಂತ ಹೇಳಕ್ಕಾಗಲ್ಲ. ಒಳ್ಳೇದಂತೂ ಮಾಡಲ್ಲ."

"ನಾನು ಈ ಹಳ್ಳದ ಮೀನು ಎಷ್ಟು ಜನಕ್ಕೆ ಮಾರಿದೀನಿ ಗೊತ್ತಾ ನಿಂಗೆ? ಬಾಣಂತೀರಿಗೆ ಒಳ್ಳೇದು ಅಂತ ಹೇಳಿ ಹೇಳಿ ಮಾರಿದೀನಿ."

 

ಮನೆಗೆ ಬಂದಾಗ ಅಮ್ಮ ಜಗಲಿಯಲ್ಲಿ ಕಾಲು ಚಾಚಿ ಕೂತು ಮಂಡಿ ತಿಕ್ಕಿಕೊಳ್ಳುತ್ತಿದ್ದಳು. ಪಕ್ಕದಲ್ಲಿ ಕೆಮ್ಮಿನ ಔಷಧಿಯ ಹಳೇ ಬಾಟಲಿ, ಅದರಲ್ಲಿ ಜೇನಿನ ಬಣ್ಣದ ಎಣ್ಣೆ. ಎಸ್ಟೇಟಿನ ಏರು ಹತ್ತಿ ಇಳಿದು ಸವೆದ ಮಂಡಿ ಅವು, ಎಣ್ಣೆ ಕುಡಿದು ಕಪ್ಪಗೆ ಮಿರುಗುತ್ತಿದ್ದವು. ಬಾಟಲಿ ಕಿತ್ತುಕೊಂಡೆ. ಅಮ್ಮನಿಗೆ ಸಿಟ್ಟು ಬಂತು.

"ಕೊಡಿಲ್ಲಿ. ನಾಲ್ಕು ವರ್ಷದಿಂದ ಹಚ್ತಿದೀನಿ. ನಂಗೇನಾಗಿದೆ?"

"ಅದು ವಿಷ ಅಮ್ಮ."

"ವಿಷನೋ ಎಂತದೋ, ನೋವು ಕಮ್ಮಿ ಮಾಡ್ತದೆ. ನಿನ್ನ ಡಾಕ್ಟ್ರು ಕೊಟ್ಟ ಮುಲಾಮು ಏನ್ ಮಾಡ್ತು?" ಎಂದು ಸೆರಗಿನಿಂದ ಕೈ ಒರೆಸಿಕೊಂಡಳು. ಅದೇ ಸೆರಗಿನಿಂದ ಬಾಯಿ ಒರೆಸಿಕೊಂಡಳು.

ಬಿಸಿನೀರು ಕಾಸಿ, ಸೀಗೆಪುಡಿ ಹಾಕಿ, ಅವಳ ಕಾಲನ್ನು ನಾನೇ ತೊಳೆದೆ. ಎಷ್ಟು ತಿಕ್ಕಿದರೂ ಜಿಡ್ಡು ಹೋಗಲಿಲ್ಲ, ನನ್ನ ಬೆರಳಿಗೆ ಬಂತು. ತೊಳೆದ ನೀರನ್ನು ಎಲ್ಲಿ ಚೆಲ್ಲುವುದೆಂದು ಬಕೆಟ್ಟು ಹಿಡಿದು ಹಿತ್ತಲಲ್ಲಿ ನಿಂತುಬಿಟ್ಟೆ. ಬಸಳೆ ಬುಡಕ್ಕೆ ಚೆಲ್ಲುವಂತಿಲ್ಲ, ಹಳ್ಳಕ್ಕೆ ಚೆಲ್ಲುವಂತಿಲ್ಲ. ಕೊನೆಗೆ ದಾರಿ ಬದಿಯ ಮಣ್ಣಿನಲ್ಲಿ ಚೆಲ್ಲಿದೆ. ಅಲ್ಲಿಂದ ಮಳೆಗೆ ಅದು ಎಲ್ಲಿಗೆ ಹೋಗುತ್ತದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಬಾಟಲಿಯನ್ನು ಮಾತ್ರ ಬಿಗಿಯಾಗಿ ಮುಚ್ಚಿ ಕಾಲೇಜಿಗೆ ಒಯ್ದು ಬೀಗ ಹಾಕಿಟ್ಟೆ. ಅಮ್ಮ ಒಂದು ತಿಂಗಳು ನನ್ನ ಜೊತೆ ಮಾತಾಡಲಿಲ್ಲ.

ಕರಾವಳಿಯ ಊರೊಂದರ ಲ್ಯಾಬಿನಲ್ಲಿರುವ ನನ್ನ ಹಳೇ ಸಹಪಾಠಿಗೆ ಹಳ್ಳದ ಕೆಸರಿನ ಒಂದು ಡಬ್ಬಿ ಕಳಿಸಿದೆ. ಇಂಥ ಪರೀಕ್ಷೆ ಎಲ್ಲ ಕಡೆ ಮಾಡುವುದಿಲ್ಲ. ಅವಳು ಸ್ನೇಹಕ್ಕೆ ಕಟ್ಟುಬಿದ್ದು, ಬೇರೆ ಕೆಲಸದ ನಡುವೆ ತೂರಿಸಿ ನೋಡಿದಳು. "ಇದೆ ಕಣೆ. ಚೆನ್ನಾಗೇ ಇದೆ. ಆದರೆ ನಾನು ಬರೆದು ಕೊಡಕ್ಕಾಗಲ್ಲ, ಇದು ಅಫೀಶಿಯಲ್ ಅಲ್ಲ" ಎಂದಳು. ಮೀನು ಕೆಟ್ಟದ್ದು ಅದರಿಂದಲೇ ಎಂದು ಸಾಬೀತು ಮಾಡಲು ಅದೊಂದೇ ಸಾಲುವುದಿಲ್ಲವೆಂದೂ ಹೇಳಿದಳು. ಅದು ನನಗೂ ಗೊತ್ತಿತ್ತು.

ದೂರು ಬರೆದೆ. ಸಂಬಂಧಪಟ್ಟ ಕಚೇರಿಗಳಿಗೆಲ್ಲ ಫೋಟೋ ಸಮೇತ ಕಳಿಸಿದೆ. ಮೂರು ತಿಂಗಳಾದ ಮೇಲೆ ಒಬ್ಬ ಅಧಿಕಾರಿ ಜೀಪಿನಲ್ಲಿ ಬಂದ. ನಾನು ರಜೆ ಹಾಕಿ ಹೋಗಿದ್ದೆ. ಶೂ ಕೊಳೆಯಾಗುತ್ತದೆಂದು ಆತ ಹಳ್ಳಕ್ಕೆ ಇಳಿಯಲಿಲ್ಲ. ಕುಡಿದು ಖಾಲಿ ಮಾಡಿದ ನೀರಿನ ಬಾಟಲಿಯನ್ನು ಡ್ರೈವರಿಗೆ ಕೊಟ್ಟು, "ಅರ್ಧ ತುಂಬ್ಸ್ಕೊಂಡು ಬಾ" ಎಂದ. ಡ್ರೈವರು ಅಬ್ಬಿಯ ಕಡೆಗೆ, ಚರಂಡಿಗಿಂತ ಮೇಲೆ, ನೀರು ತಿಳಿಯಾಗಿರುವಲ್ಲಿಗೆ ಹೋಗಿ ತುಂಬಿಸಿದ.

"ಸರ್, ಇದು ನೀರಲ್ಲಿರಲ್ಲ, ಕೆಸರಲ್ಲಿರ್ತದೆ. ಚರಂಡಿ ಸೇರೋ ಜಾಗದ ಕೆಸರು ತಗೊಳ್ಳಿ" ಎಂದೆ.

"ಕೆಸರು ನಮ್ಮ ಫಾರ್ಮ್ಯಾಟಲ್ಲಿ ಬರಲ್ಲ ಮೇಡಂ."

ಆಮೇಲೆ ಗುಜರಿಯವನ ಮನೆಯಲ್ಲಿ ಅವರಿಗೆ ಊಟ. ಹಳ್ಳದ ಮೀನಿನ ಫ್ರೈ ಇತ್ತಂತೆ. ವರದಿ ಬಂದಾಗ ನೀರು ಎಲ್ಲ ರೀತಿಯಲ್ಲೂ ಬಳಕೆಗೆ ಯೋಗ್ಯ ಎಂದಿತ್ತು. ಆ ಕಾಗದ ನೋಡಿ ನನಗೆ ಸಿಟ್ಟು ಬರಲಿಲ್ಲ. ಉಗುಳು ಬಂತು. ಎದ್ದು ಹೋಗಿ ಉಗಿದು ಬಂದೆ.

ಇಷ್ಟರಲ್ಲಿ ಅಕ್ಕ ಹಳ್ಳದ ಮೀನು ಮಾರುವುದನ್ನು ನಿಲ್ಲಿಸಿದ್ದಳು. ಮಂಗಳೂರಿನಿಂದ ಬರುವ ಸಮುದ್ರದ ಬಂಗುಡೆ, ಬೂತಾಯಿ ಮಾತ್ರ ಇಟ್ಟಳು. ಹಳ್ಳದ ಮೀನು ಬೇಕೆಂದು ಬಂದವರಿಗೆ ಕಾರಣ ಹೇಳಿ ಕಳಿಸುತ್ತಿದ್ದಳು. ಅವರು ನಾಲ್ಕು ಹೆಜ್ಜೆ ಮುಂದೆ ಹೋಗಿ ಪಕ್ಕದವನ ಹತ್ತಿರ ಕೊಳ್ಳುತ್ತಿದ್ದರು.

ಮರುವರ್ಷ ನಾನೊಂದು ತಪ್ಪು ಮಾಡಿದೆ. ಕ್ಲಾಸಿನಲ್ಲಿ ಮೈಕ್ರೋಸ್ಕೋಪಿನ ಆ ಸ್ಲೈಡನ್ನು ಪರದೆಯ ಮೇಲೆ ಹಾಕಿ ಮಕ್ಕಳಿಗೆ ವಿವರಿಸಿದೆ. ಯಾರೋ ಒಬ್ಬರು ಮೊಬೈಲಿನಲ್ಲಿ ಹಿಡಿದರು. ಎರಡು ದಿನದಲ್ಲಿ ಅದು ಊರೂರಿನ ವಾಟ್ಸ್ಯಾಪ್ ಗ್ರೂಪುಗಳಿಗೆ ಹೋಯಿತು. ನನ್ನ ಮಾತಿನ ಮೇಲೆ ಬೇರೆ ಯಾರದೋ ದನಿ ಕೂರಿಸಿದ್ದರು: ಈ ಹಳ್ಳದ ಮೀನು ತಿಂದರೆ ಗಂಡಸ್ತನ ಹೋಗುತ್ತದೆ.

ವರ್ಷದಿಂದ ಬಾಯಿ ಬಡಿದುಕೊಂಡರೂ ಕೇಳದಿದ್ದ ಊರು ಒಂದು ವಾರದಲ್ಲಿ ಎದ್ದು ಕೂತಿತು. ಬಾಣಂತಿಯರು ತಿಂದಾಗ, ಮಕ್ಕಳು ತಿಂದಾಗ ಯಾರಿಗೂ ಏನೂ ಅನಿಸಿರಲಿಲ್ಲ. ಈಗ ಗಂಡಸರು ಗುಂಪು ಗುಂಪಾಗಿ ಅಂಗಡಿಕಟ್ಟೆಯಲ್ಲಿ ನಿಂತು ಪಿಸುಗುಟ್ಟಿದರು. ಕೆಲವರು ನನಗೆ ಫೋನು ಮಾಡಿ, ಸುತ್ತಿ ಬಳಸಿ, ತಮ್ಮ ಸ್ನೇಹಿತನೊಬ್ಬನಿಗೆ ಎಂದು ಹೇಳಿ ಕೇಳಿದರು. ಮಾರ್ಕೆಟ್ಟಿನಲ್ಲಿ ಒಬ್ಬ ಅಕ್ಕನ ಬುಟ್ಟಿಯನ್ನು ಕಾಲಿನಿಂದ ಒದ್ದು, "ನೀನೇ ಅಲ್ವೇನೇ ಇಷ್ಟು ವರ್ಷ ತಿನ್ಸಿದ್ದು" ಎಂದನಂತೆ. ಬಂಗುಡೆಗಳು ಚರಂಡಿಗೆ ಬಿದ್ದವು. ಅಕ್ಕ ಖಾಲಿ ಬುಟ್ಟಿ ಎತ್ತಿಕೊಂಡು ಮನೆಗೆ ಬಂದಳು. "ಅವನು ಹೇಳಿದ್ದು ನಿಜವೇ ಅಲ್ವಾ" ಎಂದಳು ನನ್ನ ಹತ್ತಿರ.

ನನ್ನನ್ನು ಕೇಳಿದ ಗಂಡಸರಲ್ಲಿ ಒಬ್ಬ ಮಾತ್ರ ಬೇರೆಯಾಗಿದ್ದ. ಕಾಲೋನಿಯವನೇ, ಎಸ್ಟೇಟಿನಲ್ಲಿ ಡ್ರೈವರು. ಮದುವೆಯಾಗಿ ಐದು ವರ್ಷ, ಮಕ್ಕಳಿಲ್ಲ. ವಸ್ತಾರೆಯವರೆಗೆ ಬಂದು ಅಂಗಳದಲ್ಲೇ ನಿಂತು ಕೇಳಿದ: "ಮೇಡಂ, ಇದು ಮೀನಿಂದ ಆಗಿರ್ಬೋದು ಅಂತ ನೀವೊಂದು ಮಾತು ನಮ್ಮನೇಲಿ ಬಂದು ಹೇಳ್ತೀರಾ? ಎಲ್ಲಾ ಅವಳನ್ನೇ ಅಂತಾರೆ." ಹಾಗೆ ಹೇಳಲು ನನ್ನಲ್ಲಿ ಆಧಾರವಿಲ್ಲ, ಇಬ್ಬರೂ ಡಾಕ್ಟರಿಗೆ ತೋರಿಸಿ ಎಂದೆ. ತಲೆಯಾಡಿಸಿ ಹೋದ. ಅವತ್ತು ಸುಳ್ಳು ಹೇಳಿದ್ದರೂ ಆಗುತ್ತಿತ್ತು ಎಂದು ಈಗ ಅನಿಸುತ್ತದೆ.

ಅದಾಗಿ ನಾಲ್ಕನೇ ದಿನ ಮಧ್ಯಾಹ್ನ ಅಕ್ಕ ಫೋನು ಮಾಡಿ, "ಎಲ್ಲಾ ಸೇರ್ಕೊಂಡು ಶೆಡ್ಡಿಗೆ ಹೋಗ್ತಾವ್ರೆ, ಬೇಗ ಬಾ" ಎಂದಳು. ಗಂಡನ ಬೈಕಿನಲ್ಲಿ ಕೂತು ಹೋದೆ. ನಾವು ತಲುಪುವಷ್ಟರಲ್ಲಿ ಐವತ್ತು ಅರವತ್ತು ಜನ ಒಳಗಿದ್ದರು. ಗುಜರಿಯವನೂ ಅವನ ಹೆಂಡತಿಯೂ ಹಲಸಿನ ಮರದ ಕೆಳಗೆ ನಿಂತಿದ್ದರು. ಅವನ ಅಂಗಿ ಹರಿದಿತ್ತು. ಅವಳು ನನ್ನನ್ನು ನೋಡಿ, "ನೀವೇ ಅಲ್ವಾ ಇದೆಲ್ಲ ಮಾಡಿದ್ದು" ಎಂದಳು, ಅಷ್ಟೇ.

ಜನ ಶೀಟು ಕಿತ್ತರು, ತಾಮ್ರದ ಸುರುಳಿ ಎಳೆದು ಹಾಕಿದರು. ಆಮೇಲೆ ಯಾರೋ ಒಬ್ಬ ಗೋಡೆಯ ಪಕ್ಕದಲ್ಲಿ ಸಾಲಾಗಿಟ್ಟಿದ್ದ ತುಂಬಿದ ಡ್ರಮ್ಮುಗಳ ಮೇಲೆ ಕೈ ಇಟ್ಟ.

"ಅದನ್ನ ಮುಟ್ಬೇಡಿ," ಎಂದು ನಾನು ಮುಂದೆ ಹೋದೆ. "ಅದು ಹಂಗೇ ಇರ್ಲಿ. ಉರುಳಿಸಿದ್ರೆ ಎಲ್ಲಾ ಹಳ್ಳಕ್ಕೇ ಹೋಗ್ತದೆ."

"ನೀವು ಯಾರ ಕಡೆ ಮೇಡಂ?" ಎಂದ ಅವನು.

"ಕೇಳಿ ನಾನು ಹೇಳೋದು. ಅದರೊಳಗೇ ಇರೋದು ವಿಷ."

"ಅದ್ಕೇ ಚೆಲ್ತಿರೋದು."

ಮೊದಲ ಡ್ರಮ್ಮು ಉರುಳಿತು. ಮುಚ್ಚಳ ಹಾರಿ ಎಣ್ಣೆ ಗುಳುಗುಳು ಸದ್ದು ಮಾಡುತ್ತಾ ಹೊರಗೆ ಬಂತು. ಜನ ಕೇಕೆ ಹಾಕಿದರು. ಎರಡನೆಯದು, ಮೂರನೆಯದು. ನಾಲ್ಕನೆಯದನ್ನು ಇಳಿಜಾರಿನಲ್ಲಿ ಒದ್ದು ಹಳ್ಳಕ್ಕೇ ಹಾರಿಸಿದರು. ಅಕ್ಕ ಒಂದು ಡ್ರಮ್ಮನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ನಿಂತಳು. ಅವಳನ್ನು ಎಳೆದು ಪಕ್ಕಕ್ಕೆ ತಳ್ಳಿದರು. ಎದ್ದವಳು ಸೊಂಟದವರೆಗೂ ಎಣ್ಣೆಯಾಗಿದ್ದಳು. ಶೆಡ್ಡಿನವನು ವರ್ಷಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ಬಿಟ್ಟದ್ದನ್ನು ನಮ್ಮ ಊರಿನವರು ಅರ್ಧ ಗಂಟೆಯಲ್ಲಿ ಬಿಟ್ಟರು. ಹಳ್ಳದ ನೀರು ದಪ್ಪಗಾಯಿತು, ಸುಳಿಗಳು ನಿಧಾನವಾದವು. ಕೆಲಸ ಮುಗಿಸಿದ ಗಂಡಸರು ಕೈಕಾಲು ತೊಳೆಯಲು ಅದೇ ಹಳ್ಳಕ್ಕೆ ಇಳಿದರು. ಕಾಲಿಗೆ ಜಿಡ್ಡು ಹತ್ತಿದಾಗ ಒಬ್ಬ ಮುಖ ಸಿಂಡರಿಸಿ, "ಥೂ, ಏನ್ ಗಲೀಜು ಮಾರಾಯ" ಎಂದ.

ಆ ಮಾತು ಕೇಳಿದ ಕ್ಷಣದಲ್ಲಿ ನನಗೆ ಬಂದ ಹೇಸಿಗೆಯನ್ನು ಹೇಗೆ ಬರೆಯುವುದೋ ತಿಳಿಯದು. ಮೀನಿನ ಹೊಟ್ಟೆ ನೋಡಿದಾಗ ಬಂದದ್ದು ಇದರ ಮುಂದೆ ಏನೂ ಅಲ್ಲ. ಅವರ ಮೇಲೆ ಬಂತು, ಆ ವೀಡಿಯೋದಲ್ಲಿ ಪರದೆಯತ್ತ ಬೊಟ್ಟು ಮಾಡುವ ನನ್ನ ಕೈಯ ಮೇಲೂ ಬಂತು.

ಮರುದಿನ ಬೆಳಿಗ್ಗೆ ಕಾಲೋನಿಯ ಕೆಳಗಿನ ಮಡುವಿನಲ್ಲಿ ಮೀನುಗಳು ಹೊಟ್ಟೆ ಮೇಲೆ ಮಾಡಿ ತೇಲಿದವು. ಏಡಿಗಳು ದಂಡೆಗೆ ಹತ್ತಿ ಸತ್ತಿದ್ದವು. ನಾಲ್ಕು ದಿನ ಆ ಕಡೆ ಮೂಗು ಬಿಡಲಾಗಲಿಲ್ಲ. ಅಕ್ಕನ ಸೊಂಟಕ್ಕೂ ತೊಡೆಗೂ ಗುಳ್ಳೆ ಎದ್ದು ತಿಂಗಳುಗಟ್ಟಲೆ ಒಣಗಲಿಲ್ಲ. ಅದನ್ನು ನೋಡಿದ ಮೇಲೆ ಅಮ್ಮ ಆ ಎಣ್ಣೆಯ ಮಾತೆತ್ತಲಿಲ್ಲ. ಮಂಡಿಗೆ ಈಗ ಬಿಸಿ ಉಪ್ಪಿನ ಗಂಟು ಒತ್ತಿಕೊಳ್ಳುತ್ತಾಳೆ.

ಗುಜರಿಯವನು ಊರು ಬಿಟ್ಟ. ಬೇರೆ ಕಣಿವೆಯಲ್ಲಿ, ಬೇರೆ ಹಳ್ಳದ ಪಕ್ಕ ಶೆಡ್ಡು ಹಾಕಿದ್ದಾನೆಂದು ಕೇಳಿದೆ. ಅವನಿದ್ದ ಜಾಗವನ್ನು ಹೊರಗಿನವರೊಬ್ಬರು ತೆಗೆದುಕೊಂಡು, ಜೆಸಿಬಿಯಿಂದ ಕರೀ ಮಣ್ಣನ್ನು ಕೆರೆದು ಹಳ್ಳದ ಅಂಚಿಗೆ ದಬ್ಬಿ, ಮೇಲೆ ಕೆಂಪು ಮಣ್ಣು ಹರಡಿ, ಹುಲ್ಲು ಬೆಳೆಸಿ, ಹೋಮ್‌ಸ್ಟೇ ಕಟ್ಟಿದರು. ಗೇಟಿನ ಬೋರ್ಡಿನ ಮೇಲೆ ಮೀನಿನ ಚಿತ್ರ ಬರೆಸಿ, ಹಳ್ಳದ ತಾಜಾ ಮೀನು ಎಂದು ಹಾಕಿದರು. ಗಂಡಸ್ತನದ ಹೆದರಿಕೆ ಅಷ್ಟು ಹೊತ್ತಿಗೆ ಇಳಿದಿತ್ತು. ಮುಂದಿನ ಮಳೆಯಲ್ಲಿ ಮೀನು ಮೊಟ್ಟೆಯಿಡಲು ಹಳ್ಳದಲ್ಲಿ ಮೇಲೆ ಹತ್ತುವಾಗ, ಡ್ರಮ್ಮು ಉರುಳಿಸಿದವರೇ ಬುಟ್ಟಿ ಹಿಡಿದು ಹಳ್ಳಕ್ಕೆ ಇಳಿದರು. ನಾನು ಮತ್ತೆ ಮೀನು ಹಿಡಿದು ಕೊಯ್ದು ನೋಡಿದೆ. ಉಳಿದ ಗಂಡುಗಳಲ್ಲಿ ತತ್ತಿ ಇನ್ನೂ ಹೆಚ್ಚಾಗಿತ್ತು. ಮತ್ತೆ ದೂರು ಬರೆದೆ. ಇನ್ನೂ ಉತ್ತರ ಬಂದಿಲ್ಲ.

ಈ ಸಲದ ದಸರಾ ರಜೆಯಲ್ಲಿ ಹೋಮ್‌ಸ್ಟೇಯವರು ಅಕ್ಕನಿಗೆ ಹೇಳಿ ಕಳಿಸಿದ್ದರು, ವಾರಕ್ಕಿಷ್ಟು ಹಳ್ಳದ ಮೀನು ಕ್ಲೀನ್ ಮಾಡಿ ಕೊಡಬೇಕೆಂದು. ಆಗೋದಿಲ್ಲ ಎನ್ನಲು ಹೊರಟ ಅಕ್ಕನ ಜೊತೆ ನಾನೂ ಹೋದೆ. ಅಕ್ಕ ಒಳಗೆ ಬರಲಿಲ್ಲ, ಗೇಟಿನ ಹತ್ತಿರ ನಿಂತಳು. ಮಾಲೀಕರು ನನ್ನನ್ನು ಮರ್ಯಾದೆಯಿಂದಲೇ ಕೂರಿಸಿ ಪೂರ್ತಿ ಕೇಳಿಸಿಕೊಂಡರು. ಮೊಬೈಲಿನಲ್ಲಿ ತೋರಿಸಿದ ಚಿತ್ರವನ್ನು ಎರಡು ಬೆರಳಿನಲ್ಲಿ ದೊಡ್ಡದು ಮಾಡಿ ನೋಡಿದರು.

"ನೀವು ಹೇಳೋದು ನಿಜಾನೇ ಇರ್ಬೋದು ಮೇಡಂ," ಎಂದರು. "ನಮ್ಮ ಮನೆಯವ್ರು ಯಾರೂ ತಿನ್ನಲ್ಲ. ಟೂರಿಸ್ಟಿಗೆ ಮಾತ್ರ. ಅವ್ರು ಒಂದಿನ ಇದ್ದು ಹೋಗೋರು, ಏನಾಗ್ತದೆ?"

ನಾನು ಎದ್ದೆ. ಗೇಟಿನ ಕಡೆ ಹೋಗಬೇಕಾದವಳು ಊಟದ ಕೋಣೆಯ ಕಡೆಗೆ ಹೋದೆ. ಎರಡು ಸಂಸಾರ ಕೂತಿದ್ದವು, ಮಕ್ಕಳಿದ್ದರು. ಮೇಜಿನ ನಡುವೆ ಬಾಳೆಲೆಯ ಮೇಲೆ ಕೆಂಪಗೆ ಹುರಿದ ಮೀನು, ಪಕ್ಕದಲ್ಲಿ ಈರುಳ್ಳಿ, ನಿಂಬೆಹಣ್ಣು. ಒಬ್ಬ ಹೆಂಗಸು ಮುಳ್ಳು ಬಿಡಿಸಿ ಮಗುವಿನ ಬಾಯಿಗೆ ಇಡುತ್ತಿದ್ದಳು.

"ನಾನು ಕಾಲೇಜಲ್ಲಿ ಪಾಠ ಮಾಡೋಳು," ಎಂದೆ. "ಈ ಮೀನು ತಿನ್ಬೇಡಿ. ಮಗುಗಂತೂ ಕೊಡ್ಬೇಡಿ. ಇದು ಸಿಗೋ ಹಳ್ಳದ ಕೆಸರಲ್ಲಿ ವಿಷದೆಣ್ಣೆ ಇದೆ, ನೀವು ಕೂತಿರೋ ಜಾಗದಿಂದಲೇ ಹೋಗಿರೋದು." ಚಿತ್ರ ತೋರಿಸಲಿಲ್ಲ, ಊಟದ ಹೊತ್ತು.

ಆ ಹೆಂಗಸು ಮಗುವಿನ ಬಾಯಿಂದ ತುತ್ತನ್ನು ಬೆರಳು ಹಾಕಿ ತೆಗೆದಳು. ಇನ್ನೊಬ್ಬರು ಅಡಿಗೆಯವನ ಕಡೆ ತಿರುಗಿ, ಹಾಗಾದರೆ ಚಿಕನ್ ಇದೆಯಾ ಎಂದು ಕೇಳಿದರು. ಮಾಲೀಕರು ನನ್ನ ತೋಳು ಹಿಡಿಯದೆಯೇ, ತೋಳು ಹಿಡಿದವರ ಹಾಗೆ ಪಕ್ಕದಲ್ಲೇ ನಡೆದು ಗೇಟಿನವರೆಗೆ ಬಿಟ್ಟು, ಇನ್ನು ಮುಂದೆ ಈ ಕಡೆ ಬರಬೇಡಿ ಎಂದರು.

"ಹೇಳಿದ್ಯಾ?" ಎಂದಳು ಅಕ್ಕ.

"ಹೇಳ್ದೆ."

"ತಿನ್ನೋದು ಬಿಟ್ರಾ?"

"ಬಿಟ್ರು. ಚಿಕನ್ ಕೇಳಿದ್ರು."

ಅಕ್ಕ ಸ್ವಲ್ಪ ಹೊತ್ತು ಬೋರ್ಡಿನ ಮೇಲಿನ ಮೀನನ್ನು ನೋಡಿದಳು. "ನಾಳೆ ಬರೋರಿಗೆ ಯಾರು ಹೇಳ್ತಾರೆ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಬಸ್ ಸ್ಟಾಪಿನ ಕಡೆ ಹೊರಟಳು. ಅವಳ ಹಿಂದೆ ನಾನೂ ನಡೆದೆ.